ವೃತ್ತದ ಹೊರಗಿನ ತುಂಡು

ಇಷ್ಟಕ್ಕೆಲ್ಲ ಕಾರಣ ಒಂದು ಟೀ ಲೋಟ. ಲೋಟದ ತಪ್ಪೂ ಏನಿಲ್ಲ, ಅದರ ತಳ ಒದ್ದೆಯಾಗಿತ್ತು, ಅಷ್ಟೇ. ಗಣಿತದ ಮೇಷ್ಟ್ರು ಅದನ್ನು ಸ್ಟಾಫ್ ರೂಮಿನಲ್ಲಿ ಒಂದು ಬಿಳಿ ಹಾಳೆಯ ಮೇಲಿಟ್ಟು, ಕುಡಿದು, ಮತ್ತೆ ಎತ್ತಿದರು. ಹಾಳೆಯ ನಟ್ಟನಡುವೆ ಕಂದು ಬಣ್ಣದ ದುಂಡು ಗುರುತು ಉಳಿಯಿತು. ಆ ಹೊತ್ತಿಗೆ ಹಾಳೆ ಖಾಲಿ ಇರಬಾರದಾಗಿತ್ತು. ಅದು ಏಳನೇ ತರಗತಿಯ ವರ್ಕ್‌ಶೀಟ್ ಆಗಿ, ಜೆರಾಕ್ಸ್ ಆಗಿ, ಮಕ್ಕಳ ಬ್ಯಾಗು ಸೇರಬೇಕಾಗಿತ್ತು. ಮೇಷ್ಟ್ರು ಮರೆತುಬಿಟ್ಟಿದ್ದರು.

ವರ್ಕ್‌ಶೀಟಿನ ಕಾಟ ಶುರುವಾದದ್ದು ಹೊಸ ಹೆಡ್‌ಮಿಸ್ಸು ಬಂದ ಮೇಲೆ. "ಉತ್ತರ ಬಂದ್ರೆ ಸಾಲ್ದು ಮೇಷ್ಟ್ರೇ. ಅದು ಯಾಕೆ ಬಂತು ಅಂತ ಮಗು ತನ್ನ ಮಾತಲ್ಲಿ ಹೇಳ್ಬೇಕು. ಹೇಳೋಕೆ ಬಂದ್ರೆ ಮಾತ್ರ ಅರ್ಥ ಆಗಿದೆ ಅಂತ ಲೆಕ್ಕ," ಎಂದು ಆಕೆ ಬಂದ ವಾರವೇ ಕಟ್ಟುನಿಟ್ಟು ಮಾಡಿದ್ದರು. ಪ್ರತಿ ವರ್ಕ್‌ಶೀಟಿನ ಕೊನೆಯಲ್ಲೂ 'ಯಾಕೆ?' ಎನ್ನುವ ಪ್ರಶ್ನೆ ಇರಲೇಬೇಕು.

ಈ 'ಯಾಕೆ' ಎಂಬುದು ಮೇಷ್ಟ್ರಿಗೆ ಹಲ್ಲಿಗೆ ಸಿಕ್ಕ ಕಲ್ಲು. ಶಾಲೆಯಲ್ಲಿ ಅವರ ಹೆಸರೇ 'ಹಾಗೇ ಮೇಷ್ಟ್ರು'. ಭಿನ್ನರಾಶಿ ಭಾಗಿಸುವಾಗ ಯಾಕೆ ಸಾರ್ ತಲೆಕೆಳಗು ಮಾಡೋದು ಎಂದು ಮಕ್ಕಳು ಕೇಳಿದರೆ, "ಅದು ಹಾಗೇ" ಎನ್ನುತ್ತಿದ್ದರು. ಮೈನಸ್ಸಿಗೆ ಮೈನಸ್ ಗುಣಿಸಿದರೆ ಯಾಕೆ ಪ್ಲಸ್ ಎಂದರೆ, "ಅದೂ ಹಾಗೇ." ಲೆಕ್ಕ ಮಾಡುವುದರಲ್ಲಿ ಅವರಿಗೆ ಯಾರೂ ಸಾಟಿ ಇರಲಿಲ್ಲ, ಬೋರ್ಡಿನ ಮೇಲೆ ಸೀಮೆಸುಣ್ಣ ರೈಲಿನ ಹಾಗೆ ಓಡುತ್ತಿತ್ತು. ಆದರೆ ಯಾರಾದರೂ 'ಯಾಕೆ' ಎಂದು ತಡೆದರೆ ಮುಗಿಯಿತು. ನಡೆಯುವವನನ್ನು ನಿಲ್ಲಿಸಿ ಮೊದಲು ಯಾವ ಕಾಲು ಎತ್ತುತ್ತೀಯ ಎಂದು ಕೇಳಿದ ಹಾಗೆ, ಅಲ್ಲೇ ಮುಗ್ಗರಿಸುತ್ತಿದ್ದರು. ಅವರಿಗೂ ಅವರ ಮೇಷ್ಟ್ರು ಯಾಕೆಂದು ಹೇಳಿರಲಿಲ್ಲ.

ಟೀ ಗುರುತು ನೋಡುತ್ತಿದ್ದಂತೆ ಅವರಿಗೆ ಒಂದು ಉಪಾಯ ಹೊಳೆಯಿತು. ಗುರುತಿನ ಮೇಲೆ ಪೆನ್ ಆಡಿಸಿ ಕೆಳಗೆ ಹೀಗೆ ಬರೆದರು: 'ಈ ವೃತ್ತ ನಿಮ್ಮ ಮನೆಯ ಒಂದು ದಿನದ ಇಡೀ ಕೆಲಸ. ಮನೆಯಲ್ಲಿ ಯಾರು ಎಷ್ಟು ಮಾಡುತ್ತಾರೋ ಅಷ್ಟು ತುಂಡು ಮಾಡಿ ಭಿನ್ನರಾಶಿಯಲ್ಲಿ ಬರೆಯಿರಿ. ಎಲ್ಲ ಕೂಡಿದರೆ ಒಂದು ಬರಬೇಕು. ಹೀಗೆ ತುಂಡು ಮಾಡಿದ್ದು ಯಾಕೆ? ನಿಮ್ಮದೇ ಮಾತಿನಲ್ಲಿ ವಿವರಿಸಿ.' ಬರೆದು, ಅಟೆಂಡರ್ ಕೈಗೆ ಕೊಟ್ಟು, ತಮ್ಮ ಬೆನ್ನು ತಾವೇ ತಟ್ಟಿಕೊಂಡು ಮನೆಗೆ ಹೋದರು.

ಆ ಹಾಳೆ ಆ ಸಂಜೆ ಎಷ್ಟು ಮನೆಗಳ ಒಳಗೆ ಕಾಲಿಟ್ಟಿತು, ಏನೇನು ಮಾಡಿತು ಎಂಬುದು ಅವರಿಗೆ ಗೊತ್ತಾದದ್ದು ಮರುದಿನ ಬೆಳಿಗ್ಗೆ.

ಮೇಷ್ಟ್ರು ಅಕ್ಕನ ಜೊತೆ ಒಂದು ಹಳೆಯ ಕಟ್ಟಡದ ಮೇಲಿನ ಮಹಡಿಯಲ್ಲಿದ್ದರು. ಕೆಳಗೆ ಮೆಡಿಕಲ್ ಶಾಪು, ಅದರ ಹಿಂದೆಯೇ ಅಂಗಡಿಯವರ ಮನೆ. ಅಂಗಡಿಯವರು ಶಾಲೆಯ ಪೋಷಕರ ಕಮಿಟಿಗೆ ಅಧ್ಯಕ್ಷರು. ಮೇಷ್ಟ್ರ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆ ತಿಂಗಳ ಸಭೆಯಲ್ಲಿ ಅದು ಮಾತಿಗೆ ಬರುವುದಿತ್ತು. ಆದ್ದರಿಂದ ಮೆಟ್ಟಿಲಿಳಿಯುವಾಗಲೆಲ್ಲ ಮೇಷ್ಟ್ರು ಒಂದು ನಗುವನ್ನು ಮೊದಲೇ ಮುಖಕ್ಕೆ ಹಚ್ಚಿಕೊಂಡು ಇಳಿಯುತ್ತಿದ್ದರು.

ಆ ಬೆಳಿಗ್ಗೆ ಶಟರ್ ಅರ್ಧ ಮಾತ್ರ ಮೇಲೆದ್ದಿತ್ತು. ಅಂಗಡಿಯವರು ಅದರ ಕೆಳಗಿನಿಂದ ಬಗ್ಗಿಕೊಂಡೇ ಹೊರಬಂದರು.

"ಮೇಷ್ಟ್ರೇ, ಒಂದು ನಿಮಿಷ. ನಾನು ಮೈನಸ್ಸಾ?"

"ಸಾರ್?"

"ನನ್ನ ಮಗಳು ಬರ್ದಿದಾಳೆ. ಮನೇಲಿ ನನ್ನ ಪಾಲು ಮೈನಸ್ ಅಂತೆ. ರಾತ್ರಿಯಿಡೀ ಅವಳಮ್ಮ ಅಡುಗೆಮನೇಲಿ ಒಬ್ಬಳೇ ನಗ್ತಿದ್ಲು. ಬೆಳಿಗ್ಗೆ ಕಾಫಿ ಕೇಳಿದ್ರೆ, ಯಾವ ಚಿಹ್ನೆ ಹಾಕಿ ಕೊಡ್ಲಿ ಅಂತಾಳೆ."

ಅಂಗಡಿಯವರ ಮಗಳು ಏಳನೇ ತರಗತಿಯ 'ಪ್ರಶ್ನೆ ಪೆಟ್ಟಿಗೆ'. ಆ ಹೆಸರಿಟ್ಟದ್ದು ಮೇಷ್ಟ್ರೇ. ದಿನಕ್ಕೊಂದು 'ಯಾಕೆ ಸಾರ್' ಕೇಳದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಮೇಷ್ಟ್ರಿಗೆ ಅವಳ ಮೇಲೆ ಸ್ವಲ್ಪ ಪ್ರೀತಿ, ಸ್ವಲ್ಪ ಭಯ.

"ನಾನು ನೋಡ್ತೀನಿ ಸಾರ್," ಎಂದರು.

"ನೋಡೋದಲ್ಲ. ಶಾಲೆಗೆ ನಾನೇ ಬರ್ತೀನಿ. ನಮ್ಮ ಮುಂದೆಯೇ ನೋಡಿ."

ಮೇಷ್ಟ್ರು ಅಲ್ಲಿಂದ ಜಾರಿಕೊಂಡು ರಸ್ತೆಯ ತಿರುವಿನ ಕ್ಷೌರದಂಗಡಿಗೆ ನುಗ್ಗಿದರು. ಅಧ್ಯಕ್ಷರೇ ಶಾಲೆಗೆ ಬರುವುದಾದರೆ ಮುಖವಾದರೂ ನೆಟ್ಟಗಿರಲಿ ಎಂಬ ಯೋಚನೆ. ಕ್ಷೌರಿಕ ಮಾತಿಲ್ಲದೆ ಸೋಪು ಹಚ್ಚಿದ. ಮಾತಿಲ್ಲದೆ ಬಲಗೆನ್ನೆ ಬೋಳಿಸಿದ. ಆತ ಬಾಯಿ ಮುಚ್ಚಿಕೊಂಡದ್ದನ್ನು ಆ ಬೀದಿಯಲ್ಲಿ ಯಾರೂ ನೋಡಿರಲಿಲ್ಲ. ಮೇಷ್ಟ್ರಿಗೆ ಅನುಮಾನ ಬರುವ ಹೊತ್ತಿಗೆ ಕತ್ತಿ ಕತ್ತಿನ ಹತ್ತಿರ ಬಂದಿತ್ತು.

"ಮೇಷ್ಟ್ರೇ, ನನ್ನ ಮಗ ನನಗೆ ಹದಿನಾರನೇ ಒಂದು ಕೊಟ್ಟಿದಾನೆ."

"ಹೌದಾ," ಎಂದರು ಮೇಷ್ಟ್ರು, ತುಟಿ ಅಲ್ಲಾಡಿಸದೆ.

"ಯಾಕೆ ಅಂತಾನೂ ಬರ್ದಿದಾನೆ. 'ಅಪ್ಪ ಅಂಗಡಿಯಲ್ಲಿ ಎಲ್ಲರ ಕೂದಲು ಗುಡಿಸುತ್ತಾರೆ, ಮನೆಯಲ್ಲಿ ತಮ್ಮ ಕೂದಲನ್ನೂ ಗುಡಿಸುವುದಿಲ್ಲ.' ಇಂಥದ್ದು ಬರ್ಸೋಕಾ ನಾನು ಅವನನ್ನ ಶಾಲೆಗೆ ಕಳಿಸೋದು?"

ಬೆಂಚಿನ ಮೇಲೆ ಕಾಯುತ್ತಿದ್ದ ಬಸ್ ಡ್ರೈವರ್ ಪೇಪರ್ ಕೆಳಗಿಟ್ಟ. "ನನಗೆ ನನ್ನ ಮಗಳು ನಾಲ್ಕನೇ ಒಂದು ಕೊಟ್ಟಿದ್ಲು. ಪರವಾಗಿಲ್ಲ ಅನ್ಕೊಂಡೆ. ಕೆಳಗೆ ನೋಡಿದ್ರೆ, 'ಅಪ್ಪನಿಗೆ ಬೇಜಾರಾಗಬಾರದು ಎಂದು ಸ್ವಲ್ಪ ಜಾಸ್ತಿ ಹಾಕಿದ್ದೇನೆ' ಅಂತ ಬರ್ದಿದಾಳೆ."

ಇಬ್ಬರೂ ಕನ್ನಡಿಯೊಳಗಿನ ಮೇಷ್ಟ್ರನ್ನು ನೋಡಿದರು. ಎಡಗೆನ್ನೆಯ ಮೇಲೆ ಸೋಪು ಒಣಗುತ್ತಿತ್ತು.

"ಇನ್ನೊಂದು ಕಡೆ..." ಎಂದರು ಮೇಷ್ಟ್ರು ಮೆಲ್ಲಗೆ.

ಕ್ಷೌರಿಕ ಕತ್ತಿ ಒರೆಸಿ ಮಡಚಿಟ್ಟ. "ಹದಿನಾರನೇ ಒಂದು ಕೆಲಸ ಮಾಡೋ ಮನುಷ್ಯ ನಾನು. ನಿಮಗೆ ಅರ್ಧ ಮಾಡಿದೀನಿ. ಹೆಚ್ಚೇ ಆಯ್ತು."

ಹೀಗೆ ಒಂದು ಕೆನ್ನೆ ಮದುಮಗನದ್ದು, ಇನ್ನೊಂದು ಕೆನ್ನೆ ಕಾಯಿಲೆಯವನದ್ದು ಇಟ್ಟುಕೊಂಡು ಮೇಷ್ಟ್ರು ಶಾಲೆ ತಲುಪಿದರು. ದಾರಿಯುದ್ದಕ್ಕೂ ಎಡಗೈಯಲ್ಲಿ ಹಲ್ಲುನೋವಿನವರ ಹಾಗೆ ಕೆನ್ನೆ ಹಿಡಿದುಕೊಂಡಿದ್ದರು.

ಏಳನೇ ತರಗತಿಯ ಬಾಗಿಲಲ್ಲೇ ಅವರಿಗೆ ಗದ್ದಲ ಕೇಳಿಸಿತು. ಒಳಗೆ ಜಗಳವೇನೋ ಎಂದುಕೊಂಡರೆ, ಜಗಳ ಹೌದು, ಆದರೆ ಲೆಕ್ಕದ ಮೇಲೆ.

"ನಿನ್ನದು ಕೂಡಿದ್ರೆ ಒಂದೂಕಾಲು ಬರುತ್ತೆ ಕಣೋ. ಇಡೀ ಕೆಲಸಕ್ಕಿಂತ ಕಾಲು ಕೆಲಸ ಹೆಚ್ಚು ಹೆಂಗೆ ಮಾಡ್ತೀರ?"

"ಪಕ್ಕದ ಮನೇದೂ ಸ್ವಲ್ಪ ನಮ್ಮಮ್ಮನೇ ಮಾಡ್ತಾರೆ."

"ಅದು ಈ ವೃತ್ತಕ್ಕೆ ಬರಲ್ಲ. ಪಕ್ಕದ ಮನೆ ವೃತ್ತ ಬೇರೆ."

ಇನ್ನೊಂದು ಬೆಂಚಿನಲ್ಲಿ ಒಬ್ಬ ಹುಡುಗ ಮುಕ್ಕಾಲು ಕೆಲಸ ತನ್ನದೇ ಎಂದು ಬರೆದುಕೊಂಡು ಬಂದಿದ್ದ. ಅವನ ಜೊತೆಗಾರರು ಪೊಲೀಸರ ಹಾಗೆ ಅವನನ್ನು ಒಂದೊಂದೇ ಪ್ರಶ್ನೆ ಕೇಳಿ, ಮುಕ್ಕಾಲನ್ನು ಅರ್ಧಕ್ಕೆ, ಅರ್ಧವನ್ನು ಕಾಲಿಗೆ ಇಳಿಸಿ, ಕೊನೆಗೆ "ತನ್ನ ಚಪ್ಪಲಿ ತಾನೇ ಎತ್ತಿಡುತ್ತಾನೆ" ಎಂಬಲ್ಲಿಗೆ ತಂದು ನಿಲ್ಲಿಸಿದ್ದರು.

ಮೇಷ್ಟ್ರು ಕೆನ್ನೆಯಿಂದ ಕೈ ತೆಗೆದುದೂ ಅವರಿಗೇ ಗೊತ್ತಾಗಲಿಲ್ಲ. ತಮ್ಮ ತರಗತಿಯಲ್ಲಿ ಮಕ್ಕಳು "ಯಾಕೆಂದ್ರೆ" ಎಂದು ಮಾತು ಶುರುಮಾಡಿದ್ದನ್ನು ಅವರು ಅದುವರೆಗೆ ಕೇಳಿರಲಿಲ್ಲ. ಈಗ ಆ ಪದ ಬೆಂಚಿನಿಂದ ಬೆಂಚಿಗೆ ಹಾರುತ್ತಿತ್ತು. ಎದೆಯೊಳಗೆ ಏನೋ ಒಂದು ಬೆಚ್ಚಗಾಯಿತು.

ಹಾಳೆಗಳನ್ನು ಒಟ್ಟುಮಾಡಿಕೊಂಡು ಕೂತು, ಮೊದಲು ಪ್ರಶ್ನೆ ಪೆಟ್ಟಿಗೆಯದನ್ನೇ ತೆಗೆದರು. ವೃತ್ತ ಅಚ್ಚುಕಟ್ಟಾಗಿ ಎಂಟು ತುಂಡಾಗಿತ್ತು. ಒಂಬತ್ತನೆಯ ತುಂಡು ವೃತ್ತದ ಹೊರಗೆ, ಕತ್ತರಿಸಿ ಎಸೆದ ಉಗುರಿನ ಹಾಗೆ ಬಿದ್ದಿತ್ತು. ಕೆಳಗೆ ಹೀಗಿತ್ತು: 'ಅಮ್ಮ ಎಂಟನೇ ಎಂಟು. ನಾನು ಎಂಟನೇ ಒಂದು. ಅಪ್ಪ ಮೈನಸ್ ಎಂಟನೇ ಒಂದು. ಕೂಡಿದರೆ ಒಂದು. ಯಾಕೆಂದರೆ ಅಪ್ಪ ಒಂದು ಸಾಮಾನು ಹುಡುಕಿದರೆ ಬೀರು ಪೂರ್ತಿ ಮತ್ತೆ ಜೋಡಿಸಬೇಕು. ಒದ್ದೆ ಟವೆಲ್ ಹಾಕಿದರೆ ಹಾಸಿಗೆ ಒಣಗಿಸಬೇಕು. ಅಪ್ಪ ಊರಿಗೆ ಹೋದ ದಿನ ಮನೆಯಲ್ಲಿ ಎಂಟು ತುಂಡು ಕೆಲಸ ಇರುತ್ತದೆ. ಅಪ್ಪ ಇದ್ದ ದಿನ ಒಂಬತ್ತು. ಆದ್ದರಿಂದ ಅಪ್ಪ ಋಣ ಸಂಖ್ಯೆ. ಋಣ ತುಂಡನ್ನು ವೃತ್ತದ ಒಳಗೆ ಬರೆಯಲು ಆಗಲಿಲ್ಲ, ಹೊರಗೆ ಬರೆದಿದ್ದೇನೆ.'

ಮೇಷ್ಟ್ರು ಕೂಡಿ ನೋಡಿದರು. ಒಂದು ಬಂತು. ಮತ್ತೊಮ್ಮೆ ಕೂಡಿದರು. ಒಂದೇ. ಋಣ ಸಂಖ್ಯೆಯ ಪಾಠ ಮುಗಿದು ಇನ್ನೂ ಹೆಚ್ಚು ದಿನ ಆಗಿರಲಿಲ್ಲ, ಮಗು ಆಗಲೇ ಅದನ್ನು ತಂದೆಗೆ ತೊಡಿಸಿತ್ತು. ಕೆಂಪು ಪೆನ್ ತೆಗೆದು ಒಂದು ದೊಡ್ಡ ಸರಿ ಗುರುತು ಹಾಕಬೇಕು, ಪಕ್ಕದಲ್ಲಿ 'ಭೇಷ್' ಎಂದೂ ಬರೆಯಬೇಕು ಎಂದು ಮುಚ್ಚಳ ತೆಗೆದರು.

ಆಗ ಬಾಗಿಲಲ್ಲಿ ನೆರಳು ಬಿತ್ತು. ಹೆಡ್‌ಮಿಸ್ಸು, ಅವರ ಹಿಂದೆ ಅಧ್ಯಕ್ಷರು, ಅವರ ಹಿಂದೆ ಬೆಳಗಿನ ಕೆಲಸ ಬಿಟ್ಟು ಬಂದ ಅಪ್ಪಂದಿರ ಒಂದು ದಂಡು. ಕ್ಷೌರಿಕ ಹೆಗಲ ಮೇಲಿನ ಬಟ್ಟೆಯನ್ನೂ ತೆಗೆಯದೆ ಬಂದಿದ್ದ. ಮಕ್ಕಳೆಲ್ಲ ಎದ್ದು ನಿಂತರು. ಮೇಷ್ಟ್ರ ಕೈ ತಾನೇ ಕೆನ್ನೆಗೆ ಹೋಯಿತು.

ಹೆಡ್‌ಮಿಸ್ಸಿನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ಮೇಷ್ಟ್ರೇ, ಇವರಿಗೆಲ್ಲ ನಿಮ್ಮ ವರ್ಕ್‌ಶೀಟಿನ ಮೇಲೆ ಅಸಮಾಧಾನ. ನಾನು ಹೇಳ್ದೆ, ಅದರಲ್ಲಿ ಲೆಕ್ಕ ಸರಿ ಇದೆಯಾ ಇಲ್ವಾ ಅನ್ನೋದಷ್ಟೇ ನಮಗೆ ಮುಖ್ಯ ಅಂತ. ಈ ಮಗುವಿನ ಉತ್ತರ ಸರಿಯೋ, ತಪ್ಪೋ? ನೀವೇ ಹೇಳಿ."

ಅಧ್ಯಕ್ಷರು ಮುಂದಕ್ಕೆ ಬಂದರು. "ಹೇಳಿ ಮೇಷ್ಟ್ರೇ. ಮನುಷ್ಯ ಮೈನಸ್ ಆಗೋಕಾಗುತ್ತಾ?"

ಮೇಷ್ಟ್ರು ಹಾಳೆ ನೋಡಿದರು. ಅಧ್ಯಕ್ಷರ ಮುಖ ನೋಡಿದರು. ತಿಂಗಳ ಸಭೆ, ಉದ್ದನೆಯ ಮೇಜು, ಮೇಜಿನ ತುದಿಯಲ್ಲಿ ಇದೇ ಮುಖ ಅವರ ಕಣ್ಣ ಮುಂದೆ ಬಂತು.

"ತಪ್ಪು," ಎಂದರು.

ಕೈ ಅದರ ಹಿಂದೆಯೇ ಹೋಗಿ ಹಾಳೆಯ ಮೇಲೆ ಕೆಂಪು ಗೀಟು ಎಳೆದು, ಇನ್ನೊಂದನ್ನು ಅಡ್ಡಕ್ಕೆ ಎಳೆಯಿತು.

ಅಪ್ಪಂದಿರ ದಂಡಿನಲ್ಲಿ ನಿಟ್ಟುಸಿರು ಹೊರಟಿತು, ಟೈರಿನಿಂದ ಗಾಳಿ ಬಿಟ್ಟ ಹಾಗೆ. ಅಧ್ಯಕ್ಷರ ಭುಜ ಅರ್ಧ ಅಂಗುಲ ಮೇಲೆದ್ದಿತು.

ಪ್ರಶ್ನೆ ಪೆಟ್ಟಿಗೆ ನಿಂತೇ ಇದ್ದಳು. ಅವಳಿಗೆ ಅಳು ಬಂದಿರಲಿಲ್ಲ. ಗೊತ್ತಾಗದ್ದನ್ನು ತಿಳಿದುಕೊಳ್ಳಬೇಕೆನ್ನುವವರ ಮುಖವಿತ್ತು. "ಯಾಕೆ ಸಾರ್?" ಎಂದಳು.

ಇಡೀ ತರಗತಿ ಕಿವಿ ನಿಮಿರಿಸಿತು. ಹೆಡ್‌ಮಿಸ್ಸೂ ಕಾದರು.

"ಅದು..." ಎಂದರು ಮೇಷ್ಟ್ರು. "ಅದು ಹಾಗೇ."

ಹುಡುಗಿ ಒಂದು ಕ್ಷಣ ಅವರನ್ನೇ ನೋಡಿ, ಹಾಳೆ ಇಸಿದುಕೊಂಡು, ನಾಲ್ಕಾಗಿ ಮಡಚಿ ಕೂತಳು. ಹೆಡ್‌ಮಿಸ್ಸು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ ಹೊರಟುಹೋದರು. ಅವರು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಲ್ಲಿಂದ ಮೇಷ್ಟ್ರಿಗೆ ಮರ್ಯಾದೆಯ ಸುರಿಮಳೆ ಶುರುವಾಯಿತು. ಬಿಡುವಿನಲ್ಲಿ ಬಸ್ ಡ್ರೈವರ್ ಗೇಟಿನ ಹತ್ತಿರ ಕೈ ಕುಲುಕಿದ. ಕ್ಷೌರಿಕ ಡಬ್ಬಿ ಸಮೇತ ಸ್ಟಾಫ್ ರೂಮಿಗೇ ಬಂದು, ಬೇಡ ಬೇಡ ಎಂದರೂ ಕೇಳದೆ ಎಡಗೆನ್ನೆಯನ್ನು ಬೋಳಿಸಿ, ಸುಗಂಧದ ನೀರನ್ನೂ ಚಿಮುಕಿಸಿದ. "ನೀವು ಗಂಡಸರ ಮಾನ ಉಳಿಸಿದ್ರಿ," ಎಂದ. ಅಧ್ಯಕ್ಷರು ಅಟೆಂಡರ್ ಕೈಲಿ ಹೇಳಿಕಳಿಸಿದ್ದರು: ಕಾಯಂ ವಿಷಯ ತಲೆ ಕೆಡಿಸಿಕೊಳ್ಳಬೇಡಿ, ಆಯಿತು ಎಂದೇ ತಿಳಿಯಿರಿ.

ಒಂದೊಂದು ಮರ್ಯಾದೆಯೂ ಮೇಷ್ಟ್ರಿಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಮಧ್ಯಾಹ್ನದ ಪೀರಿಯಡ್ಡಿನಲ್ಲಿ ಬೋರ್ಡಿನ ಮೇಲೆ ಲೆಕ್ಕ ಮಾಡುವಾಗ ತಲೆ ಎಲ್ಲೋ ಇದ್ದು, ಏಳು ಎಂಟ್ಲ ಐವತ್ತನಾಲ್ಕು ಎಂದು ಬರೆದರು. ಬೇರೆ ದಿನವಾಗಿದ್ದರೆ ಮೊದಲ ಬೆಂಚಿನಿಂದ "ಯಾಕೆ ಸಾರ್" ಎಂಬ ದನಿ ಬಾಣದ ಹಾಗೆ ಬರುತ್ತಿತ್ತು. ಈಗ ಎಲ್ಲರೂ ತಲೆ ಬಗ್ಗಿಸಿ ಐವತ್ತನಾಲ್ಕು ಎಂದೇ ಬರೆದುಕೊಂಡರು. ಬೆಳಿಗ್ಗೆ ಸಂತೆಯ ಹಾಗಿದ್ದ ತರಗತಿ ಈಗ ಆಸ್ಪತ್ರೆಯ ಹಾಗಿತ್ತು. ಪ್ರಶ್ನೆ ಪೆಟ್ಟಿಗೆ ಆ ಮಡಚಿದ ಹಾಳೆಯ ಹಿಂಬದಿಯಲ್ಲಿ ಏನೋ ಗೀಚುತ್ತಿದ್ದಳು, ಒಮ್ಮೆಯೂ ತಲೆ ಎತ್ತಲಿಲ್ಲ. ಮೇಷ್ಟ್ರು ತಾವೇ ಡಸ್ಟರ್ ತೆಗೆದುಕೊಂಡು ಐವತ್ತನಾಲ್ಕನ್ನು ಒರೆಸಿ ಐವತ್ತಾರು ಮಾಡಿದರು. ಮಕ್ಕಳು ಅದನ್ನೂ ಹಾಗೇ ತಿದ್ದಿಕೊಂಡರು.

ಸಂಜೆ ಮನೆಗೆ ಬಂದಾಗ ಅಕ್ಕ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಅಕ್ಕ ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವಳು. ಮುಖ ನೋಡಿಯೇ ಜ್ವರ ಎಷ್ಟಿದೆ ಎಂದು ಹೇಳುವವಳು.

"ಗಡ್ಡ ನುಣ್ಣಗಿದೆ, ಮುಖ ಮಾತ್ರ ಸುಟ್ಟ ಬದನೆಕಾಯಿ. ಏನಾಯ್ತು?"

ಮೇಷ್ಟ್ರು ಎಲ್ಲವನ್ನೂ ಹೇಳಿದರು. ಅಕ್ಕ ಇಸ್ತ್ರಿಪೆಟ್ಟಿಗೆ ನಿಲ್ಲಿಸಲಿಲ್ಲ.

"ಸರಿ ಇತ್ತು ಅಂತ ನಿನಗೆ ಗೊತ್ತಿತ್ತು."

"ಹೂಂ."

"ಗೊತ್ತಿದ್ದೂ ತಪ್ಪು ಅಂದೆ."

"ಹೂಂ."

"ಮಗು ಏನು ಮಾಡ್ತು?"

"ಹಾಳೆ ಮಡಚ್ಕೊಂಡು ಕೂತ್ಕೊಳ್ತು."

ಅಕ್ಕ ಅಂಗಿಯ ಕಾಲರನ್ನು ತಿರುಗಿಸಿ ಒಮ್ಮೆ ಉಜ್ಜಿದಳು. "ಇದು ನಿನ್ನ ಅಂಗೀನೇ. ನಿನಗೆ ಇದನ್ನ ಹಾಕ್ಕೊಂಡು ನಾಳೆ ಆ ಮಗುವಿನ ಮುಂದೆ ನಿಂತ್ಕೊಳ್ಳೋಕಾಗುತ್ತೆ ಅನ್ನೋದಾದ್ರೆ ಮಡಚಿ ಇಡ್ತೀನಿ. ಇಲ್ಲ ಅಂದ್ರೆ ಈಗಲೇ ಕೆಳಗೆ ಹೋಗಿ ಬಾ."

ಮೇಷ್ಟ್ರು ಅಂಗಿಯನ್ನೇ ನೋಡುತ್ತ ನಿಂತರು. ಕೆಲಸ ಹೋದರೆ ಹೋಗಲಿ ಎನ್ನುವಷ್ಟು ಧೈರ್ಯ ಅವರಿಗೆ ಹುಟ್ಟಿನಿಂದಲೂ ಇರಲಿಲ್ಲ. ಆದರೆ ಆ ಹುಡುಗಿ ಮಡಚಿದ ನಾಲ್ಕು ಮಡಿಕೆ ಹೊಟ್ಟೆಯೊಳಗೆ ಎಲ್ಲೋ ಕೂತುಬಿಟ್ಟಿತ್ತು. ಕಾಲುಗಳು ತಾವಾಗಿಯೇ ಮೆಟ್ಟಿಲ ಕಡೆ ಹೊರಟವು.

ಸಂಜೆಯ ಹೊತ್ತು, ಅಂಗಡಿಯ ಮುಂದೆ ಜನ ತುಂಬಿತ್ತು. ಕೆಮ್ಮಿನ ಸಿರಪ್ಪಿನವರು, ಮಂಡಿನೋವಿನ ಮುಲಾಮಿನವರು, ಸಾಲಿನ ನಡುವೆ ಬಸ್ ಡ್ರೈವರ್. ಮೇಷ್ಟ್ರನ್ನು ಕಂಡು ಅಧ್ಯಕ್ಷರು ಗಲ್ಲಾದಿಂದಲೇ ಕರೆದರು. "ಬನ್ನಿ ಬನ್ನಿ. ಮೇಷ್ಟ್ರಿಗೆ ದಾರಿ ಬಿಡಿ."

ಜನ ದಾರಿ ಬಿಟ್ಟರು. ಬಿಡದಿದ್ದರೆ ಚೆನ್ನಾಗಿತ್ತು, ಹಿಂದಕ್ಕೆ ಹೋಗಲು ನೆಪವಾದರೂ ಸಿಗುತ್ತಿತ್ತು.

"ಸಾರ್, ಬೆಳಿಗ್ಗೆ ನಾನು ಸುಳ್ಳು ಹೇಳ್ದೆ," ಎಂದರು ಮೇಷ್ಟ್ರು. ದನಿ ಗಟ್ಟಿಯಾಗಿಯೇ ಬಂತು. ಇಂಥ ದನಿ ತಮ್ಮೊಳಗಿದೆ ಎಂದು ಅವರಿಗೇ ಗೊತ್ತಿರಲಿಲ್ಲ. "ನಿಮ್ಮ ಮಗಳ ಉತ್ತರ ಸರಿ. ನಿಮಗೆ ಹೆದರಿ ತಪ್ಪು ಅಂತ ಹಾಕ್ದೆ. ನನಗೆ ನಾಚಿಕೆ ಆಗ್ತಿದೆ."

ಅಧ್ಯಕ್ಷರ ಕೈಯಲ್ಲಿದ್ದ ಸಿರಪ್ಪಿನ ಬಾಟಲಿ ಅರ್ಧದಲ್ಲೇ ನಿಂತಿತು. "ಅಂದ್ರೆ?"

"ಅಂದ್ರೆ ನೀವು ಮೈನಸ್ಸೇ. ಮೈನಸ್ ಎಂಟನೇ ಒಂದು."

ಸಾಲಿನಲ್ಲಿ ಕೆಮ್ಮು ನಿಂತಿತು. ಅಧ್ಯಕ್ಷರ ಮುಖ ಬೆಳಿಗ್ಗೆಗಿಂತ ಕೆಂಪಾಯಿತು. "ಯಾಕೆ?" ಎಂದರು. "ಇಷ್ಟು ಜನರ ಮುಂದೆ ಹೇಳ್ತಿದೀರಲ್ಲ, ಯಾಕೆ ಅಂತಾನೂ ಹೇಳಿ."

ಮೇಷ್ಟ್ರು ಕೌಂಟರಿನ ಮೇಲಿದ್ದ ಮಾತ್ರೆಯ ಪಟ್ಟಿಯೊಂದನ್ನು ಕೈಗೆತ್ತಿಕೊಂಡು, ಎಂಟು ಮಾತ್ರೆಗಳನ್ನು ಅದರಿಂದ ಒಡೆದು ತೆಗೆದು ಸಾಲಾಗಿ ಇಟ್ಟರು.

"ಇದು ನೀವು ಊರಲ್ಲಿಲ್ಲದ ದಿನದ ಮನೆಗೆಲಸ. ಎಂಟು. ನೀವು ವಾಪಸ್ ಬಂದ್ರಿ. ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕಿದ್ರಿ." ಇನ್ನೊಂದು ಮಾತ್ರೆ ಇಟ್ಟರು. "ಒಂಬತ್ತಾಯ್ತು. ಮನೆಯವರು ಎಂಟು ಎತ್ತಿದ್ರು. ಮಗಳು ಒಂದು ಎತ್ತಿದ್ಲು. ಇಬ್ಬರೂ ಸೇರಿ ಒಂಬತ್ತು ಎತ್ತಿದ್ರೂ ಮನೆಗೆ ಆಗಿದ್ದು ಎಂಟು ಕೆಲಸವೇ. ಯಾಕೆಂದ್ರೆ ಒಂದು ನೀವು ತಂದಿಟ್ಟದ್ದು. ಅದು ನಿಮ್ಮ ಲೆಕ್ಕಕ್ಕೆ ಮೈನಸ್."

ಮಂಡಿನೋವಿನ ಅಜ್ಜಿ ಕೌಂಟರಿನ ಮೇಲೆ ಬಾಗಿ ಮಾತ್ರೆ ನೋಡಿದರು. "ಅಯ್ಯೋ, ಎಷ್ಟು ಚೆನ್ನಾಗಿ ಹೇಳ್ತಾರಪ್ಪ. ನಮ್ಮನೆಯವರದ್ದೂ ಇದೇ ಲೆಕ್ಕ. ಇಷ್ಟು ವರ್ಷ ಹೇಳೋಕೆ ಬರ್ತಿರ್ಲಿಲ್ಲ." ಸಾಲಿನಲ್ಲಿ ಕಿಸಕ್ಕನೆ ನಗು ಹೊರಟಿತು. ಬಸ್ ಡ್ರೈವರ್ ಮೆಲ್ಲಗೆ ಸಾಲು ಬಿಟ್ಟು ಹಿಂದೆ ಸರಿದ.

ಮೇಷ್ಟ್ರಿಗೆ ಮೈ ಹಗುರವಾಯಿತು. ಜೀವಮಾನದಲ್ಲಿ ಮೊದಲ ಸಲ ಅವರು ಒಂದು 'ಯಾಕೆ'ಗೆ ಉತ್ತರ ಕೊಟ್ಟಿದ್ದರು, ಅದೂ ನಡುಬೀದಿಯಲ್ಲಿ, ಅಧ್ಯಕ್ಷರ ಎದುರು. ಕೆಲಸ ಹೋಯಿತು ಎನ್ನುವುದು ಗೊತ್ತಿತ್ತು. ಆದರೂ ನೆಟ್ಟಗೆ ನಿಲ್ಲಬಹುದಾಗಿತ್ತು.

ಆಗ ಅಂಗಡಿಯ ಹಿಂದಿನ ಪರದೆ ಸರಿಯಿತು. ಪ್ರಶ್ನೆ ಪೆಟ್ಟಿಗೆ ಹೊರಗೆ ಬಂದಳು. ಕೈಯಲ್ಲಿ ಅದೇ ಹಾಳೆ, ಬಿಚ್ಚಿ ನೀವಿ ಸರಿಮಾಡಿದ್ದು. ಮುಖ ಅರಳಿತ್ತು.

"ಸಾರ್, ನಾನೇ ಮೇಲೆ ಬರೋಣ ಅಂತಿದ್ದೆ. ಬೆಳಿಗ್ಗೆ ನೀವು ಹೇಳಿದ್ದೇ ಸರಿ ಸಾರ್. ನಂದು ತಪ್ಪು."

ಮೇಷ್ಟ್ರ ಕೈಯಲ್ಲಿದ್ದ ಮಾತ್ರೆಯ ಪಟ್ಟಿ ಚರಚರ ಎಂದಿತು. "ಏನಮ್ಮಾ?"

"ಯಾಕೆ ತಪ್ಪು ಅಂತ ನೀವು ಹೇಳ್ಲಿಲ್ವಲ್ಲ. ನಾನೇ ಯೋಚ್ನೆ ಮಾಡ್ಲಿ ಅಂತ ಬಿಟ್ಟಿದೀರ ಅನ್ಕೊಂಡೆ. ಮಧ್ಯಾಹ್ನ ಪೂರ್ತಿ ಯೋಚ್ನೆ ಮಾಡ್ದೆ." ಅವಳು ಕೌಂಟರಿನ ಹತ್ತಿರ ಬಂದು ಒಂಬತ್ತನೆಯ ಮಾತ್ರೆಯನ್ನು ಬೆರಳಲ್ಲಿ ಮುಟ್ಟಿದಳು. "ಅಪ್ಪ ಕೆಡಿಸಿದ್ದನ್ನ ಸರಿ ಮಾಡೋದೂ ಕೆಲಸವೇ ತಾನೇ ಸಾರ್? ಅದನ್ನೂ ಯಾರೋ ಮಾಡಿದಾರೆ. ವರ್ಕ್‌ಶೀಟಲ್ಲಿ ಇಡೀ ಕೆಲಸ ಅಂತಿದೆ. ಅಪ್ಪ ಮನೇಲಿದ್ದ ದಿನ ಇಡೀ ಕೆಲಸ ಅಂದ್ರೆ ಒಂಬತ್ತು ತುಂಡು. ಅದನ್ನ ನಾನೇ ಬರ್ದಿದೀನಿ, ಆದ್ರೆ ವೃತ್ತ ಮಾತ್ರ ಎಂಟು ಮಾಡ್ಬಿಟ್ಟಿದೀನಿ. ಒಂದು ದಿನದ ಕೆಲಸ ಅಂತ ಕೇಳಿದ್ರೆ ಇನ್ನೊಂದು ದಿನದ ವೃತ್ತ ಬರ್ದೆ. ಒಂಬತ್ತು ಮಾಡಿದ್ರೆ ಅಮ್ಮ ಒಂಬತ್ತನೇ ಎಂಟು, ನಾನು ಒಂಬತ್ತನೇ ಒಂದು. ಅಲ್ಲಿಗೆ ಒಂದು ಆಯ್ತು. ಹೊರಗೆ ಬರೆಯೋ ತುಂಡೇ ಇಲ್ಲ."

ಹಾಳೆಯ ಹಿಂಬದಿಯಲ್ಲಿ ಹೊಸ ವೃತ್ತವಿತ್ತು, ಒಂಬತ್ತು ತುಂಡಿನದ್ದು. ಎಲ್ಲ ತುಂಡೂ ಒಳಗೇ ಇದ್ದವು.

ಮೇಷ್ಟ್ರು ಕೂಡಿ ನೋಡಿದರು. ಒಂದು ಬಂತು. ಕಿವಿಯ ತುದಿಯಿಂದ ಬಿಸಿ ಕೆಳಗಿಳಿಯತೊಡಗಿತು. ಮಗು ಹೇಳುತ್ತಿರುವುದು ಅಕ್ಷರಶಃ ನಿಜ. ಬೆಳಿಗ್ಗೆ ಹೆದರಿಕೆಯಲ್ಲಿ ಹಾಕಿದ ತಪ್ಪು ಗುರುತು ಸರಿಯಾದ ಜಾಗದಲ್ಲೇ ಬಿದ್ದಿತ್ತು. ಈಗ ಧೈರ್ಯದಿಂದ ಹೇಳಿದ ಮಾತು ಪೂರ್ತಿ ತಪ್ಪಾಗಿತ್ತು.

ಅಧ್ಯಕ್ಷರು ಮೆಲ್ಲಗೆ ಮಗಳ ಕಡೆ ತಿರುಗಿದರು. "ಅಂದ್ರೆ ನಾನು ಮೈನಸ್ ಅಲ್ಲ?"

"ಅಲ್ಲಪ್ಪ. ನೀನು ಸೊನ್ನೆ."

ಅವರು ಅದನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲೇ ತೂಗಿ ನೋಡಿದರು. ಬೆಳಗಿನಿಂದ ಮೈನಸ್ಸಿನಲ್ಲಿದ್ದವರಿಗೆ ಸೊನ್ನೆಯೂ ಏಣಿಯ ಒಂದು ಮೆಟ್ಟಿಲು ಮೇಲೆಯೇ. ಅವರ ಭುಜ ಮತ್ತೆ ಎದ್ದಿತು. ಆಮೇಲೆ ಅವರ ಕಣ್ಣು ಮೇಷ್ಟ್ರ ಕಡೆ ಹೊರಳಿತು.

"ಹಾಗಾದ್ರೆ ಮೇಷ್ಟ್ರೇ, ಬೆಳಿಗ್ಗೆ ಯಾಕೆ ಅಂತ ಗೊತ್ತಿಲ್ದೆ ತಪ್ಪು ಅಂದ್ರಿ. ಈಗ ಯಾಕೆ ಅಂತ ಗೊತ್ತಿಲ್ದೆ ಸರಿ ಅಂದ್ರಿ. ನನ್ನ ಅಂಗಡಿ ಮುಂದೆ, ನನ್ನ ಗಿರಾಕಿಗಳ ಮುಂದೆ, ನನ್ನದೇ ಮಾತ್ರೆ ಒಡೆದು, ಸುಮ್ನೆ ಇದ್ದವನನ್ನ ಮೈನಸ್ ಮಾಡಿದ್ರಿ."

ಮೇಷ್ಟ್ರು ಕೈಯಲ್ಲಿದ್ದ ಪಟ್ಟಿಯನ್ನು ಕೌಂಟರಿನ ಮೇಲೆ ಇಟ್ಟರು.

ಅವರನ್ನು ಕೊಂದದ್ದು ಅಧ್ಯಕ್ಷರ ಮಾತಲ್ಲ. ಹುಡುಗಿ ಇನ್ನೂ ಅವರನ್ನೇ ನೋಡುತ್ತಿದ್ದಳು. ಹಣೆ ಸ್ವಲ್ಪ ಸುಕ್ಕಾಗಿತ್ತು. ಪರದೆಯ ಹಿಂದೆ ನಿಂತು ಅವಳು ಮೇಷ್ಟ್ರ ಕೊನೆಯ ಮಾತುಗಳನ್ನಷ್ಟೇ ಕೇಳಿಸಿಕೊಂಡಿದ್ದಳು. ಈಗ ಅಪ್ಪನ ಮಾತಿನ ಜೊತೆ ಅವನ್ನೂ ಸೇರಿಸಿ ಒಂದೊಂದೇ ಕೂಡುತ್ತಿದ್ದಳು. ಮೊತ್ತ ಬಂದದ್ದು ಅವಳ ಮುಖದಲ್ಲೇ ಕಾಣಿಸಿತು.

"ಸಾರ್, ನಿಮಗೆ ಗೊತ್ತಿರ್ಲಿಲ್ವಾ?" ಎಂದಳು. ದನಿಯಲ್ಲಿ ಒಂದಿಷ್ಟೂ ಹಗೆ ಇರಲಿಲ್ಲ. ಅವರ ಪರವಾಗಿ ಅವಳಿಗೇ ನಾಚಿಕೆಯಾದ ಹಾಗಿತ್ತು.

"ಇಲ್ಲಮ್ಮ," ಎಂದರು ಮೇಷ್ಟ್ರು.

ಅವಳು ತಲೆಯಾಡಿಸಿದಳು. ಆಮೇಲೆ ಒಂಬತ್ತು ಮಾತ್ರೆಗಳನ್ನು ಒಂದು ಸಣ್ಣ ಕವರಿಗೆ ಹಾಕಿ ಅವರ ಕೈಗೆ ಕೊಟ್ಟಳು. ಒಡೆದ ಮೇಲೆ ಅವನ್ನು ಬೇರೆ ಯಾರಿಗೂ ಮಾರುವ ಹಾಗಿರಲಿಲ್ಲ.

ಮೇಷ್ಟ್ರು ಕವರು ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು.

"ಹೇಳಿ ಬಂದ್ಯಾ?"

"ಹೂಂ."

"ಎಲ್ಲರ ಮುಂದೆ?"

"ಎಲ್ಲರ ಮುಂದೆ."

ಅಕ್ಕನ ಮುಖ ಅಪರೂಪಕ್ಕೆ ಸಡಿಲವಾಯಿತು. "ಈಗ ಸಮಾಧಾನ ಆಯ್ತು ನೋಡು. ಅದೇನದು, ಕೈಯಲ್ಲಿ?"

ಮೇಷ್ಟ್ರು ಕವರನ್ನು ಮೇಜಿನ ಮೇಲೆ ಇಟ್ಟು, ಕುರ್ಚಿಯಲ್ಲಿ ಕುಸಿದು ಕೂತರು. ಅಕ್ಕ ಒಂದು ಮಾತ್ರೆ ತೆಗೆದು ಬೆಳಕಿಗೆ ಹಿಡಿದು ನೋಡಿದಳು.

"ಇದು ಭೇದಿಗೆ ಕೊಡೋದು," ಎಂದಳು. "ನಿನಗೇನು ಹೊಟ್ಟೆ ಸರಿ ಇಲ್ವಾ?"

ಕೆಳಗಿನಿಂದ ಅಧ್ಯಕ್ಷರು ಯಾರಿಗೋ ಇಡೀ ಕತೆಯನ್ನು ಮೊದಲಿನಿಂದ ಹೇಳುತ್ತಿರುವುದು ಕೇಳಿಸುತ್ತಿತ್ತು. ಕೇಳುತ್ತಿದ್ದವರು, ಧ್ವನಿಯಿಂದ ಗೊತ್ತಾಯಿತು, ಹೆಡ್‌ಮಿಸ್ಸು. ತಲೆನೋವಿನ ಮಾತ್ರೆಗೆ ಬಂದಿದ್ದರು.

"ಈಗ ಸರಿ ಇಲ್ಲ ಅಕ್ಕಾ," ಎಂದು ಮೇಷ್ಟ್ರು ಎದ್ದು ಹೋಗಿ ಕಿಟಕಿ ಮುಚ್ಚಿದರು.